ಹೊಸ ಬೀದಿಗೆ ಬಂದಿದ್ದೀರಾ? ಅಕ್ಕಪಕ್ಕದವರ ಜೊತೆ ಬೆರೆಯುವುದು ಹೀಗೆ

ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೇ ಮೂರು ಬಾಗಿಲಿಗೆ ಹೋಗಿ ಬನ್ನಿ. ಎಡಗಡೆ ಮನೆ, ಬಲಗಡೆ ಮನೆ, ಎದುರು ಮನೆ. "ನಾವು ಹೊಸದಾಗಿ ಬಂದೀವಿ ರೀ. ಇಲ್ಲಿ ನೀರು ಯಾವಾಗ ಬಿಡ್ತಾರೆ?" ಅಂತ ಕೇಳಿ. ಅಷ್ಟೇ ಸಾಕು. ದಾವಣಗೆರೆಯಲ್ಲಿ ಈ ಪ್ರಶ್ನೆ ಕೇಳಿದರೆ ನಿಂತು ಉತ್ತರ ಹೇಳದವರು ಸಿಗುವುದು ಕಷ್ಟ. ನೀರಿನಿಂದ ಶುರುವಾದ ಮಾತು ಹಾಲಿನವನಿಗೆ, ಕಸದ ಗಾಡಿಗೆ, ನಿಮ್ಮ ಊರು ಯಾವುದು ಅನ್ನುವಲ್ಲಿಗೆ ತಾನಾಗೇ ಹೋಗುತ್ತದೆ.

ನಾನು ವಿನೋಬನಗರದ ಒಂದು ಅಡ್ಡರಸ್ತೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಕುಚ್ಚು ಕಟ್ಟುತ್ತೇನೆ. ಬಾಗಿಲು ಬೀದಿಗೇ ತೆರೆದಿರುವುದರಿಂದ ಯಾರ ಮನೆಗೆ ಯಾರು ಹೊಸದಾಗಿ ಬಂದರು, ಯಾರು ಬೆರೆತರು, ಯಾರು ಬೆರೆಯದೆ ಹಾಗೇ ಹೋದರು ಎಲ್ಲ ಕಣ್ಣಿಗೆ ಬೀಳುತ್ತದೆ. ಈ ಊರಿಗೆ ಹೊಸಬರು ಬರುವುದು ಹೊಸದೇನಲ್ಲ. ಮೊದಲು ಹತ್ತಿ ಮಿಲ್ಲುಗಳ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದರು. ಮಿಲ್ಲುಗಳು ಮುಚ್ಚಿದವು. 1951ರಲ್ಲಿ ಶುರುವಾದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್ ಕಾಲೇಜು, ಆಮೇಲೆ ಬಂದ ಬೇರೆ ಕಾಲೇಜುಗಳಿಗೆ ಈಗ ಮಕ್ಕಳು ಬರುತ್ತಾರೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮಕ್ಕಳ ಓದಿಗೆ ಅಂತ ಮನೆ ಮಾಡಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು ಒಂದೇ. ಸುಮ್ನೆ ಆಡುವ ಮಾತು ಮೊದಲು ಇರಬೇಕು. ಕೆಲಸದ ಮಾತು, ದೂರಿನ ಮಾತು ಆಮೇಲೆ. ನಿಮ್ಮ ಬಾಯಿಂದ ಪಕ್ಕದ ಮನೆಯವರು ಕೇಳುವ ಮೊದಲ ಮಾತೇ "ನಿಮ್ಮ ಸ್ಕೂಟರ್ ತೆಗೀರಿ" ಅಂತಾದರೆ, ಆಮೇಲೆ ಹೋಳಿಗೆ ಕೊಟ್ಟರೂ ಅವರಿಗೆ ಆ ಸ್ಕೂಟರೇ ನೆನಪಿಗೆ ಬರುತ್ತದೆ.

ನೀರಿನ ದಿನ

ನಮ್ಮೂರಿನ ಕುಡಿಯುವ ನೀರು ತುಂಗಭದ್ರಾ ಹೊಳೆಯಿಂದ ಬರುತ್ತದೆ. ಜೊತೆಗೆ ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ನಾಲೆ ನಿಂತು ಹೊಳೆಯೂ ಬತ್ತಿದರೆ ನಲ್ಲಿಗೆ ನೀರು ಬರುವ ದಿನ ದೂರ ದೂರ ಆಗುತ್ತದೆ. ಬೀದಿಯ ಜಗಳಗಳಲ್ಲಿ ಜಾಸ್ತಿ ಹುಟ್ಟುವುದು ಆ ದಿನಗಳಲ್ಲೇ. ಗೆಳೆತನ ಹುಟ್ಟುವುದೂ ಆಗಲೇ.

ಮೊದಲು, ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಹಚ್ಚಬೇಡಿ. ಬಾಡಿಗೆ ಮನೆಯಲ್ಲಿ ಓನರ್ ಹಾಗೆ ಹಚ್ಚಿಟ್ಟಿದ್ದರೆ ತೆಗೆಸಲು ಕೇಳಿ. ನೀವು ಮೋಟಾರಿನಿಂದ ಎಳೆದರೆ ಮುಂದಿನ ಮನೆಗಳ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ, ಪಕ್ಕದ ಚರಂಡಿಯ ನೀರನ್ನೂ ಮೋಟಾರ್ ಒಳಗೆ ಎಳೆದುಕೊಳ್ಳುತ್ತದೆ. ಆ ನೀರನ್ನು ನೀವೂ ಕುಡಿಯುತ್ತೀರಿ, ಎದುರು ಮನೆಯ ಕೂಸೂ ಕುಡಿಯುತ್ತದೆ. ನೀರು ಮೊದಲು ತಾನಾಗಿ ಸಂಪಿಗೆ ಬೀಳಲಿ. ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಿ.

ನೀರು ಬಂತು ಅಂತ ಗೊತ್ತಾದ ತಕ್ಷಣ ಪಕ್ಕದ ಬಾಗಿಲು ತಟ್ಟಿ. "ಅಕ್ಕಾ, ನೀರ್ ಬಂತು ನೋಡ್ರಿ." ಈ ಒಂದು ಕೂಗಿಗೆ ನಮ್ಮ ಬೀದಿಯಲ್ಲಿ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಂದರೂ ತಟ್ಟಿ, ಯಾರೂ ಬೇಜಾರಾಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ ಪಕ್ಕದಲ್ಲಿದ್ದರೆ, ಅವರ ಸಂಪಿನ ನಲ್ಲಿ ತಿರುಗಿಸುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ. ನೀವು ಊರಿಗೆ ಹೋದಾಗ ಅವರು ನಿಮ್ಮದನ್ನು ನೋಡಿಕೊಳ್ಳುತ್ತಾರೆ.

ನೀರು ಹಿಡಿದಿಡುವ ಊರಲ್ಲಿ ಡೆಂಗಿ ಮಾತೂ ಬೀದಿಯ ಮಾತೇ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಾವು ಡ್ರಮ್ಮಿನಲ್ಲಿ, ತೊಟ್ಟಿಯಲ್ಲಿ ತುಂಬಿಟ್ಟ ಒಳ್ಳೆಯ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಿ, ಒಳಗಿನ ಗೋಡೆಯನ್ನು ತಿಕ್ಕಿ ತೊಳೆಯಬೇಕು. ಸುಮ್ಮನೆ ನೀರು ಚೆಲ್ಲಿದರೆ ಆಗದು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಇದನ್ನು ಒಬ್ಬರೇ ಮಾಡಿದರೆ ಪ್ರಯೋಜನವಿಲ್ಲ. ಪಕ್ಕದ ಮನೆಯ ಡ್ರಮ್ಮಿನ ಸೊಳ್ಳೆಗೆ ಕಾಂಪೌಂಡ್ ಅಡ್ಡ ಬರುವುದಿಲ್ಲ. ಬೀದಿಯ ಹೆಂಗಸರೆಲ್ಲ ಸೇರಿ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಶುಕ್ರವಾರ. ಹೇಗೂ ಆವತ್ತು ಮನೆ ತೊಳೆಯುತ್ತೇವೆ. ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದಾಗ ಬಾಗಿಲಲ್ಲೇ ನಿಲ್ಲಿಸಬೇಡಿ, ಹಿತ್ತಲವರೆಗೆ ಕರೆದುಕೊಂಡು ಹೋಗಿ. ಕುಡಿಯಲು ನೀರು ಕೊಡಿ, ಬಿಸಿಲಲ್ಲಿ ಎಷ್ಟು ಮನೆ ಸುತ್ತಿ ಬಂದಿರುತ್ತಾರೋ.

ಏನು ಮಾತಾಡಬೇಕು, ಏನು ಬೇಡ

ಸಂಜೆ ಕಟ್ಟೆಯ ಮೇಲೆ ಕೂತಾಗ ಮಾತಿಗೆ ಬರವಿಲ್ಲ. ಟೊಮೆಟೊ ರೇಟು, ಯಾವ ಟ್ಯೂಷನ್ ಚೆನ್ನಾಗಿದೆ, ಯಾವ ಡಾಕ್ಟರ್ ಸಮಾಧಾನವಾಗಿ ನೋಡುತ್ತಾರೆ, ಎಲ್ಲಿ ಮನೆ ಖಾಲಿ ಇದೆ. ಇವೆಲ್ಲ ಎಷ್ಟು ಹಂಚಿದರೂ ಒಳ್ಳೆಯದು. ಹೊಸಬರಿಗೆ ಕೇಳಲು ನನಗೆ ಇಷ್ಟವಾದ ಪ್ರಶ್ನೆ "ನಮ್ಮೂರ ನೀರು ಒಗ್ಗಿತಾ?" ಅನ್ನುವುದು. ಇನ್ನೊಂದು "ನಿಮ್ಮ ಕಡೆ ಸಾರಿಗೆ ಏನೇನು ಹಾಕ್ತೀರಿ?" ಅನ್ನುವುದು. ನಮ್ಮ ಜಿಲ್ಲೆಯಲ್ಲಿ ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ಮುದ್ದೆ. ಅಡುಗೆ ಮಾತು ಶುರುವಾದರೆ ಕತ್ತಲಾದರೂ ಮುಗಿಯುವುದಿಲ್ಲ.

ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ "ಏನಾದ್ರೂ ವಿಶೇಷನಾ?" ಅಂತ ಕೇಳಬೇಡಿ. ಕೇಳುವವರಿಗೆ ಅದು ಒಂದು ಕ್ಷಣದ ಮಾತು. ಅವಳಿಗೆ ಅದನ್ನು ಬೀದಿಯ ಉದ್ದಕ್ಕೂ ಕೇಳುತ್ತಾರೆ. ಬ್ಲೌಸ್ ಅಳತೆ ಕೊಡಲು ಬಂದ ಹುಡುಗಿ ಈ ಪ್ರಶ್ನೆಗೆ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಹಾಗೇ, ಬಂದ ಮೊದಲ ದಿನವೇ "ನೀವು ಯಾವ ಜನ?" ಅಂತ ಕೇಳುವುದೂ ಬೇಡ. ಆ ಪ್ರಶ್ನೆ ಬಿದ್ದ ಮೇಲೆ ಕೆಲವರು ಕಟ್ಟೆಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಯಾರ ಮಗಳು ಎಷ್ಟು ಹೊತ್ತಿಗೆ ಬಂದಳು, ಯಾರ ಸಂಬಳ ಎಷ್ಟು, ಯಾರ ಮನೆಯಲ್ಲಿ ರಾತ್ರಿ ದನಿ ಜೋರಾಯಿತು, ಇವು ನಿಮ್ಮ ಕಿವಿಗೆ ಬಿದ್ದರೆ ಅಲ್ಲಿಗೇ ನಿಲ್ಲಲಿ. ಆದರೆ ಹೊಡೆತದ ಸದ್ದು ಕೇಳಿದರೆ ಸುಮ್ಮನಿರಬೇಡಿ. ಹೋಗಿ ಬೆಲ್ ಮಾಡಿ, "ಸ್ವಲ್ಪ ಹೆಪ್ಪು ಇದ್ರೆ ಕೊಡ್ರಿ" ಅಂತ ಕೇಳಿ. ಬಾಗಿಲಲ್ಲಿ ಇನ್ನೊಬ್ಬರು ನಿಂತರೆ ಎಷ್ಟೋ ಸಲ ಕೈ ಇಳಿಯುತ್ತದೆ. ಇಳಿಯದಿದ್ದರೆ, ಒಬ್ಬರೇ ಹೋಗಲು ಹೆದರಿಕೆಯಾದರೆ, 112ಕ್ಕೆ ಫೋನ್ ಮಾಡಿ.

ಕಟ್ಟೆಗೆ ಜನ ಸೇರಬೇಕು ಅಂದರೆ ಮಂಡಕ್ಕಿ ಇರಬೇಕು. ಇದರಲ್ಲಿ ಎರಡು ಮಾತಿಲ್ಲ. ಭಟ್ಟಿಗಳ ಊರು ನಮ್ಮದು, ಗರಿಗರಿ ಮಂಡಕ್ಕಿಗೆ ಕೊರತೆಯಿಲ್ಲ. ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಖಾರ, ಉಪ್ಪು, ಸ್ವಲ್ಪ ಎಣ್ಣೆ ಬೇರೆ ಬೇರೆ ಇಟ್ಟುಕೊಂಡಿರಿ. ಎಲ್ಲರೂ ಬಂದು ಕೂತ ಮೇಲೆಯೇ ಕಲಸಿ. ಮೊದಲೇ ಕಲಸಿದರೆ ಟೊಮೆಟೊ ನೀರಿಗೆ ಮೆತ್ತಗಾಗುತ್ತದೆ. ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಮನೆಯಲ್ಲಿ ಕರಿಯಲು ಆಗದಿದ್ದರೆ ಗಾಡಿಯಿಂದ ತನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೊಸಬರ ಕೈಗೆ ಈರುಳ್ಳಿ, ಚಾಕು ಕೊಟ್ಟುಬಿಡಿ. ಹೆಚ್ಚುತ್ತಾ ಕೂತವರು ನೆಂಟರ ಹಾಗೆ ಮುದುಡಿ ಕೂರುವುದಿಲ್ಲ.

ಕೊಡುವುದು, ತರುವುದು

ಬೇರೆಯವರ ಮನೆಯ ಬಟ್ಟಲನ್ನು ಖಾಲಿ ವಾಪಸ್ ಕೊಡಬಾರದು. ಒಂದು ಹಿಡಿ ಸಕ್ಕರೆ ಹಾಕಿ, ಇಲ್ಲವೇ ಒಂದು ಬಾಳೆಹಣ್ಣು ಇಡಿ. ಇದು ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ ಇನ್ನೊಂದು ವಿಷಯ ಸ್ವಲ್ಪ ನಾಜೂಕಿನದು. ಒಂದೇ ಬೀದಿಯಲ್ಲಿ ಮಾಂಸ ಮಾಡುವ ಮನೆಗಳಿವೆ, ಮೊಟ್ಟೆಯನ್ನೂ ಮುಟ್ಟದ ಮನೆಗಳಿವೆ. ಸೋಮವಾರ ಒಪ್ಪತ್ತು ಮಾಡುವವರಿದ್ದಾರೆ, ರಂಜಾನಿನಲ್ಲಿ ಉಪವಾಸ ಇರುವವರಿದ್ದಾರೆ. ಬೇಯಿಸಿದ್ದನ್ನು ಕಳಿಸಬಹುದೋ ಇಲ್ಲವೋ ಅಂತ ಅನುಮಾನ ಬಂದರೆ ಹಣ್ಣು, ತೆಂಗಿನಕಾಯಿ, ಬೆಲ್ಲ, ಹೊಲದಿಂದ ಬಂದ ಶೇಂಗಾ ಕೊಡಿ. ಇವು ಎಲ್ಲ ಮನೆಗೂ ನಡೆಯುತ್ತವೆ. ಗುರುತು ಬೆಳೆದ ಮೇಲೆ ನೇರವಾಗಿ "ನಮ್ಮನೇದು ತಿಂತೀರಾ?" ಅಂತ ಕೇಳಿ. ಬೇಡ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿಯ ಜಾತ್ರೆ ಬರುತ್ತದೆ. ಆಗ ಹಬ್ಬ ಮಾಡುವ ಮನೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ನೆಂಟರು. ನೀವು ಹಬ್ಬ ಮಾಡದವರಾದರೂ ಸಹಾಯಕ್ಕೆ ದಾರಿ ಇದೆ. ನಿಮ್ಮ ಕಾಂಪೌಂಡಿನಲ್ಲಿ ಎರಡು ಗಾಡಿ ನಿಲ್ಲಿಸಲು ಬಿಡಿ. ವಯಸ್ಸಾದ ನೆಂಟರೊಬ್ಬರು ಮಧ್ಯಾಹ್ನ ಮಲಗಲು ಒಂದು ಚಾಪೆ ಹಾಸಿ. ದೊಡ್ಡ ಪಾತ್ರೆ ಇದ್ದರೆ ಕೇಳುವ ಮೊದಲೇ ಕೊಡಿ, ತಳದಲ್ಲಿ ಹೆಸರು ಬರೆದು ಕೊಡಿ.

ದೂರು ಹೇಳುವಾಗ

ಟ್ಯಾಂಕ್ ತುಂಬಿ ಹರಿಯುವುದು, ಗೇಟಿಗೆ ಅಡ್ಡ ಬೈಕ್, ಹಸಿ ಕಸ ಒಣ ಕಸ ಒಂದರಲ್ಲೇ ಹಾಕಿ ಗಾಡಿಯವನು ಬಿಟ್ಟುಹೋದ ಚೀಲ. ದೂರುಗಳು ಇರುವವೇ. ಅವನ್ನು ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ನಾಲ್ಕು ಜನರ ಎದುರು ಹೇಳಿಸಿಕೊಂಡವರು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಮಾನ ಉಳಿಸಿಕೊಳ್ಳಲು ನೋಡುತ್ತಾರೆ. ಗ್ರೂಪು ಇರುವುದು ನೀರು ಬಂತು, ಕರೆಂಟ್ ಹೋಯಿತು, 1912ಕ್ಕೆ ಹೇಳಿದ್ದೇವೆ ಅನ್ನುವುದಕ್ಕೆ.

ದೂರು ಇದ್ದರೆ ಮನೆಗೇ ಹೋಗಿ. ಊಟದ ಹೊತ್ತು, ಪೂಜೆಯ ಹೊತ್ತು, ಸಿಟ್ಟಿನ ಹೊತ್ತು ಬೇಡ. "ಅಣ್ಣಾರೆ, ನಿಮ್ಮ ಟ್ಯಾಂಕ್ ತುಂಬಿ ಹರಿಯೋದು ಕೆಳಗಿರೋ ನಮಗೆ ಕೇಳ್ಸುತ್ತೆ, ಒಳಗಿರೋ ನಿಮಗೆ ಕೇಳ್ಸಲ್ಲ. ಇನ್ಮೇಲೆ ನಾನು ಒಂದು ಕೂಗು ಹಾಕ್ಲಾ?" ಹೀಗೆ ಹೇಳಿದರೆ ತಪ್ಪು ಟ್ಯಾಂಕಿನ ಮೇಲೆ ಬೀಳುತ್ತದೆ, ಮನುಷ್ಯನ ಮೇಲೆ ಬೀಳುವುದಿಲ್ಲ. ಗಣಪತಿ ಕೂರಿಸುವ ಹುಡುಗರಿಗೂ ಹೀಗೇ. ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು ಅಂತ ಕಾನೂನೇ ಇದೆ. ಆದರೆ ಅದನ್ನು ಪಟ್ಟಿ, ಅಂದರೆ ಚಂದಾ, ಕೇಳಲು ಬಂದ ದಿನವೇ ಹೇಳಿ. ಪಟ್ಟಿ ಕೊಟ್ಟು, "ನಮ್ಮತ್ತೆಗೆ ಹುಷಾರಿಲ್ಲಪ್ಪ, ಹತ್ತಕ್ಕೆ ನಿಲ್ಲಿಸ್ಬೇಕು ನೋಡು" ಅಂದರೆ ಹುಡುಗರು ಮಾತು ಉಳಿಸಿಕೊಳ್ಳುತ್ತಾರೆ. ಮೈಕ್ ಕೂಗುವಾಗ ಹೋಗಿ ಕೂಗಾಡಿದರೆ ಅವರಿಗೆ ಕೇಳಿಸುವುದೂ ಇಲ್ಲ.

ಒಂಟಿಯಾಗಿರುವ ಹಿರಿಯರು

ಇದನ್ನು ದಯವಿಟ್ಟು ಮರೆಯಬೇಡಿ. ಮಕ್ಕಳು ಬೆಂಗಳೂರು ಸೇರಿ, ಅಜ್ಜ ಅಜ್ಜಿ ಇಬ್ಬರೇ ಅಥವಾ ಒಬ್ಬರೇ ಉಳಿದ ಮನೆ ಈಗ ಪ್ರತಿ ಬೀದಿಯಲ್ಲೂ ಇದೆ. ಬೆಳಿಗ್ಗೆ ಎಂಟಾದರೂ ಹಾಲಿನ ಪಾಕೆಟ್ ಬಾಗಿಲಲ್ಲೇ ಇದ್ದರೆ, ಪೇಪರ್ ಎತ್ತಿಲ್ಲದಿದ್ದರೆ, ಹೋಗಿ ತಟ್ಟಿ. ಸುಮ್ಮನೆ ಮಲಗಿದ್ದರೆ ನಗುತ್ತಾರೆ, ಅಷ್ಟೇ ಅಲ್ವಾ? ಅವರ ಮಕ್ಕಳ ನಂಬರ್ ನಿಮ್ಮ ಹತ್ತಿರ, ನಿಮ್ಮ ನಂಬರ್ ಮಕ್ಕಳ ಹತ್ತಿರ ಇರಲಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ 108, 112, ಪಕ್ಕದ ಎರಡು ಮನೆಯ ನಂಬರ್, ಅವರು ದಿನಾ ನುಂಗುವ ಮಾತ್ರೆಯ ಹೆಸರು ಬರೆದು ಬಾಗಿಲ ಹಿಂದೆ ಅಂಟಿಸಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಆ ಮಾತ್ರೆಯನ್ನೇ. ಬೀದಿಯಲ್ಲಿ ಯಾರ ಮನೆಯಲ್ಲಿ ಕಾರಿದೆ, ಯಾರು ರಾತ್ರಿ ಓಡಿಸಬಲ್ಲರು ಅನ್ನುವುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಎದೆ ನೋವು ಅಂದಾಗ ಹುಡುಕಲು ಹೊತ್ತಿರುವುದಿಲ್ಲ.

ಮಾತು ಬಿಟ್ಟಿದ್ದರೆ

ಎಷ್ಟೇ ಜಾಗರೂಕರಾಗಿದ್ದರೂ ಯಾರಾದರೊಬ್ಬರ ಜೊತೆ ಮಾತು ನಿಂತುಹೋಗುತ್ತದೆ. ಅದಕ್ಕೆ ನಮ್ಮ ಹಿರಿಯರು ಬನ್ನಿ ಹಬ್ಬ ಇಟ್ಟಿದ್ದಾರೆ ಅಂತಲೇ ನಾನು ನಂಬಿದ್ದೇನೆ. ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಯಾರ ಮನೆಗೆ ಹೋದರೂ ಯಾಕೆ ಬಂದಿರಿ ಅಂತ ಕೇಳುವಂತಿಲ್ಲ. "ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಅನ್ನಿ. ಹಿರಿಯರಾದರೆ ಕಾಲಿಗೆ ಬಿದ್ದು ಕೊಡಿ. ಹಳೆಯ ಜಗಳದ ಹೆಸರೆತ್ತಬೇಡಿ, ಯಾರದು ಸರಿ ಅಂತ ಲೆಕ್ಕ ಹಾಕಬೇಡಿ. ಒಳಗೆ ಕರೆದರೆ ಕೂತು ಒಂದು ಲೋಟ ಚಹಾ ಕುಡಿದು ಬನ್ನಿ. ಕರೆಯದಿದ್ದರೆ ಎಲೆ ಕೊಟ್ಟು ವಾಪಸ್ ಬನ್ನಿ, ಮಾರನೇ ದಿನ ನಲ್ಲಿ ಹತ್ತಿರ ಅವರೇ ಮಾತಾಡಿಸುತ್ತಾರೆ. ದಸರಾ ಇನ್ನೂ ದೂರ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ. ಪಂಚಮಿಯ ಉಂಡೆ ಇದೆ, ಸಂಕ್ರಾಂತಿಯ ಎಳ್ಳು ಇದೆ. ಮಕ್ಕಳ ಕೈಲಿ ಕಳಿಸಬೇಡಿ, ನೀವೇ ಹೋಗಿ ಕೊಡಿ.