ಹಳೇ ಮನೇನ ಅಂಗಡಿ ಮಾಡಿದ್ದು: ನನ್ನ ಅನುಭವ

ನಮ್ಮ ಹಳೇ ಮನೇಲಿ ಕೆಳಗೆ ಅಂಗಡಿ, ಮೇಲೆ ಆಫೀಸು ಮಾಡೋಣ ಅಂದಾಗ ಬಂದೋರೆಲ್ಲ ಹೇಳಿದ್ದು ಒಂದೇ, ಹಳೇ ಕಟ್ಟಡ ಗಟ್ಟಿ ಇರುತ್ತೆ, ಮಧ್ಯದ ಗೋಡೆ ಹೊಡೆದುಬಿಟ್ರೆ ಹಾಲ್ ಆಗುತ್ತೆ ಅಂತ. ಡ್ರಾಯಿಂಗ್ ಅಂತೂ ಇರ್ಲಿಲ್ಲ, ಟೇಪ್ ಹಿಡ್ಕೊಂಡು ನಾನೇ ಅಳತೆ ಹಾಕ್ದೆ, ಆಮೇಲೆ ಆ ಗೋಡೆ ತಲೆ ಹತ್ರ ಪ್ಲಾಸ್ಟರ್ ಕೆರೆದು ನೋಡಿದ್ರೆ ಬೀಮೇ ಇಲ್ಲ! ಎರಡೂ ಕಡೆ ಸ್ಲ್ಯಾಬ್ ಸೀದಾ ಗೋಡೆ ಮೇಲೇ ಕೂತಿದೆ, ಅಂದ್ರೆ ಭಾರ ಹೊತ್ತಿರೋದೇ ಆ ಗೋಡೆ.

ಕಾಂಕ್ರೀಟ್ ಮೇಲ್ಮೈಗೆ ಬಡಿದು ಎಷ್ಟು ಪುಟಿಯುತ್ತೆ ಅಂತ ನೋಡಿ ಶಕ್ತಿ ಅಂದಾಜು ಮಾಡೋ ರೀಬೌಂಡ್ ಹ್ಯಾಮರ್ ರೀಡಿಂಗ್ ಚೆನ್ನಾಗೇ ಬಂತು, ಆದ್ರೆ ನಂಗೆ ನಂಬಿಕೆ ಬರ್ಲಿಲ್ಲ, ಯಾಕಂದ್ರೆ ಕಾರ್ಬೊನೇಶನ್ ಆದ, ಅಂದ್ರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಇಳಿದ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗುತ್ತೆ, ಅದ್ರಿಂದ ಹ್ಯಾಮರ್ ನಿಜಕ್ಕಿಂತ ಜಾಸ್ತಿ ಶಕ್ತಿ ತೋರಿಸುತ್ತೆ. ಒಂದು ಕಡೆ ಒಡೆದು, ಕಾರ್ಬೊನೇಶನ್ ಆಗದ ಕಾಂಕ್ರೀಟನ್ನ ಗುಲಾಬಿ ಮಾಡೋ ಫಿನಾಲ್ಫ್ತಲೀನ್ ಸ್ಪ್ರೇ ಮಾಡಿದ್ರೆ ಕಂಬಿವರೆಗೂ ಗುಲಾಬಿ ಬಣ್ಣ ಬರ್ಲೇ ಇಲ್ಲ, ಅಂದ್ರೆ ಕಾರ್ಬೊನೇಶನ್ ಕಂಬಿ ತನಕ ಹೋಗಿತ್ತು. ಕಾಂಕ್ರೀಟಿನಿಂದ ಕೋರ್ (ಕೊರೆದು ತೆಗೆದ ಉರುಳೆ ತುಂಡು) ತೆಗೆಸಿ ಟೆಸ್ಟ್ ಮಾಡಿಸಿದ್ಮೇಲೇ ನಿಜವಾದ ನಂಬರ್ ಸಿಕ್ಕಿದ್ದು, ಹ್ಯಾಮರ್ ಹೇಳಿದ್ದಕ್ಕಿಂತ ಕಮ್ಮಿ.

ಮನೆಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಲೈವ್ ಲೋಡ್ (ಜನ, ಸಾಮಾನಿನ ಭಾರ) ಹಿಡೀತಾರೆ, ಫೈಲ್ ರ್‍ಯಾಕ್ ತುಂಬಿದ ಆಫೀಸಿಗೆ 400 ಹಿಡಿಯೋದು ಸೇಫ್ ಅನ್ನಿಸ್ತು. ಸ್ಲ್ಯಾಬ್ ಗಟ್ಟಿ ಮಾಡೋಕೆ ಎಲ್ರೂ ಕೂಡಲೇ ಸ್ಟೀಲ್, ಕಾರ್ಬನ್ ಫೈಬರ್ ಅಂತಾರೆ, ನಾನು ಮೊದ್ಲು ಭಾರ ಇಳಿಸೋದು ನೋಡ್ದೆ. ಮೇಲಿನ ಫ್ಲೋರಲ್ಲಿ ಟೈಲ್ಸ್ ಕೆಳಗೆ 75 ಮಿ.ಮೀ. ಹಳೇ ಸ್ಕ್ರೀಡ್ (ನೆಲ ಸಮ ಮಾಡೋ ಗಾರೆ ಪದರ) ಇತ್ತು, ಅದೇ ಚದರ ಮೀಟರಿಗೆ ಸುಮಾರು 150 ಕೆಜಿ! ಪೂರ್ತಿ ಕಿತ್ತು ತೆಳ್ಳಗಿನ ಶೀಟ್ ಹಾಸಿದ್ವಿ, ಹೆಚ್ಚಿಗೆ ಬರೋ ಭಾರದಲ್ಲಿ ಮುಕ್ಕಾಲು ಭಾಗ ಅಲ್ಲೇ ಸರಿಹೋಯ್ತು. ತುಕ್ಕು ಹಿಡಿದ ಕಡೆ ಕಂಬಿ ಕ್ಲೀನ್ ಮಾಡಿ ಪ್ಯಾಚ್ ಮಾಡಿಸ್ದೆ.

ಗೋಡೆ ತೆಗೆಯೋದೇ ದೊಡ್ಡ ಕೆಲ್ಸ. ಎರಡೂ ಕಡೆ ಪ್ರಾಪ್ಸ್ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು, ಎರಡು ತುದೀಲಿ ಹೊಸ ಫುಟಿಂಗ್ (ಅಡಿಪಾಯ) ಮೇಲೆ ಕಾಲಂ ನಿಲ್ಲಿಸಿ, ಮಧ್ಯೆ ಸ್ಟೀಲ್ ಐ ಬೀಮ್. ಬೀಮ್ ಸುಮ್ನೆ ತಂದು ಸ್ಲ್ಯಾಬ್ ಕೆಳಗಿಟ್ರೆ ಅದು ಭಾರ ಹೊರಲ್ಲ, ಸ್ಲ್ಯಾಬ್ ಇಳಿದು ಅದರ ಮೇಲೆ ಕೂತ್ಮೇಲೇ ಹೊರೋದು, ಅಷ್ಟರಲ್ಲಿ ಮೇಲೆ ಬಿರುಕು ಬಂದಿರುತ್ತೆ. ಅದಕ್ಕೇ ಜ್ಯಾಕ್ ಕೊಟ್ಟು ಬೀಮನ್ನ ಸ್ಲ್ಯಾಬಿಗೆ ಒತ್ತಿ ಹಿಡಿದು, ಸಂದಿಗೆ ನಾನ್ ಶ್ರಿಂಕ್ ಗ್ರೌಟ್ (ಒಣಗಿದ್ರೂ ಕುಗ್ಗದ ಸಿಮೆಂಟ್ ಗಾರೆ) ತುಂಬಿ, ಅದು ಗಟ್ಟಿಯಾದ್ಮೇಲೆ ಗೋಡೆ ಒಡೆಸ್ದೆ. ಇಷ್ಟೆಲ್ಲ ಮಾಡಿಯೂ ಒಂದು ಎಡವಟ್ಟಾಯ್ತು, ಒಂದು ಪ್ರಾಪ್ ಕೆಳಗೆ ಹಲಗೆ ಹಾಕೋದು ಮರ್ತಿದ್ದೆ, ಅದು ನೆಲಕ್ಕೆ ಇಳಿದು ಮೇಲಿನ ರೂಮಿನ ಮೂಲೇಲಿ ಕೂದಲೆಳೆ ಬಿರುಕು ಬಿಡ್ತು. ಅದರ ಮೇಲೆ ಪೆನ್ಸಿಲ್ಲಲ್ಲಿ ತಾರೀಕು ಬರೆದಿಟ್ಟೆ, ಇವತ್ತಿಗೂ ಹೋದಾಗೆಲ್ಲ ನೋಡ್ತೀನಿ, ಬೆಳೆದಿಲ್ಲ.

ಈಗ ಆಫೀಸಿನವರು ಮೇಲೆ ತಿಜೋರಿ ಇಡ್ತೀವಿ ಅಂತ ಶುರು ಮಾಡಿದಾರೆ. ಕೆಳಗೇ ಇಡಿ ಅಂದಿದೀನಿ.