ಜಾಗ ಇಲ್ಲ ಅನ್ನುವುದು ಬೇರೆ, ಬೇಡ ಅನ್ನುವುದು ಬೇರೆ

1990ರ ದಶಕದ ಮೊದಲರ್ಧದಲ್ಲಿ ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಯೂಸ್‌ನೆಟ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು ಮಾಡಿಕೊಂಡು ಜನ ಬರೆದು ಓದುತ್ತಿದ್ದ ಚರ್ಚೆಯ ಜಾಲ ಅದು. ಯೂಸ್‌ನೆಟ್‌ಗೆ ಯಜಮಾನ ಅಂತ ಯಾರೂ ಇರಲಿಲ್ಲ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್‌ಗೆ ಹೊಳೆದ ಯೋಚನೆ ಇದು. ಒಂದು ಕಡೆ ಬರೆದದ್ದು ಪಕ್ಕದ ಕಂಪ್ಯೂಟರಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹೋಗುತ್ತಿತ್ತು. ಪ್ರತಿ ಊರಿನ ಸರ್ವರ್‌ನಲ್ಲೂ ಅದರದೇ ಪ್ರತಿ. ಹಾಗಾಗಿ ಯಾವ ಗುಂಪು ತರಿಸಬೇಕು, ಎಷ್ಟು ದಿನ ಇಡಬೇಕು ಅನ್ನುವುದು ಆಯಾ ಸರ್ವರ್ ನೋಡಿಕೊಳ್ಳುವವರ ಕೈಯಲ್ಲಿತ್ತು. ದೊಡ್ಡ ಅಧಿಕಾರ ಅದು. ನನಗೆ ಅದರ ಭಯವೂ ಇತ್ತು.

ದಿನದಿನದ ಕಷ್ಟ ಡಿಸ್ಕಿನದು. ಆಗ ಒಂದು ಬರಹಕ್ಕೆ ಒಂದು ಫೈಲ್. ಪ್ರತಿ ಫೈಲಿನ ವಿವರ ಇಡಲು ಡಿಸ್ಕಿನಲ್ಲಿ ಐನೋಡ್ ಅನ್ನುವ ಒಂದು ದಾಖಲೆ ಬೇಕು; ಜಾಗ ಇದ್ದರೂ ಐನೋಡ್ ಮುಗಿದರೆ ಹೊಸ ಫೈಲ್ ಹುಟ್ಟುವುದಿಲ್ಲ. ಚಿಕ್ಕ ಚಿಕ್ಕ ಬರಹಗಳೇ ಜಾಸ್ತಿ ಇರುವ ಕಡೆ ಐನೋಡ್ ಮೊದಲು ಖಾಲಿಯಾಗುತ್ತದೆ. ಅದಕ್ಕೇ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ಐನೋಡ್ ಹೆಚ್ಚು ಬರುವಂತೆ ಮಾಡಿದೆ. ಸರ್ವರ್ ನಡೆಸುವ ಸಿ ನ್ಯೂಸ್ ಅನ್ನುವ ಸಾಫ್ಟ್‌ವೇರ್ ಬಿಟ್ಟು ರಿಚ್ ಸಾಲ್ಜ್ ಬರೆದ ಐಎನ್‌ಎನ್‌ಗೆ ಬದಲಾದ ಮೇಲೆ ಬರಹಗಳು ಬಂದ ಬಂದ ಹಾಗೆ ಒಳಗೆ ಹೋಗತೊಡಗಿದವು, ಯಂತ್ರದ ಉಸಿರು ಸ್ವಲ್ಪ ಹಗುರವಾಯಿತು.

ಆದರೆ ನಿಜವಾದ ಕೆಲಸ ಇದ್ದದ್ದು ಎಕ್ಸ್‌ಪೈರ್ ಫೈಲಿನಲ್ಲಿ. ಯಾವ ಗುಂಪಿನ ಬರಹ ಎಷ್ಟು ದಿನ ಇರಬೇಕು ಅಂತ ಸಾಲು ಸಾಲಾಗಿ ಬರೆಯುವ ಫೈಲ್ ಅದು. ರಾತ್ರಿ ಒಂದು ಪ್ರೋಗ್ರಾಮ್ ಅದನ್ನು ಓದಿ ಹಳೆಯದನ್ನು ಅಳಿಸುತ್ತದೆ. ಅಳಿಸಿದ ಬರಹದ ಮೆಸೇಜ್ ಐಡಿ, ಅಂದರೆ ಅದಕ್ಕೊಂದೇ ಇರುವ ಗುರುತು, ಮಾತ್ರ ಬಂದ ಬರಹಗಳ ಲೆಕ್ಕವಿಡುವ ಹಿಸ್ಟರಿ ಫೈಲಿನಲ್ಲಿ ಇನ್ನೂ ಕೆಲವು ದಿನ ಉಳಿಯಬೇಕು. ಇಲ್ಲದಿದ್ದರೆ ಅದೇ ಬರಹ ಬೇರೆ ದಾರಿಯಿಂದ ಹೊಸದೆಂಬಂತೆ ಮತ್ತೆ ಬಂದು ಕೂರುತ್ತದೆ.

ಲೆಕ್ಕ ತೆಗೆದು ನೋಡಿದರೆ ಡಿಸ್ಕ್ ತಿನ್ನುತ್ತಿದ್ದದ್ದು ಮಾತುಕತೆ ಅಲ್ಲವೇ ಅಲ್ಲ, ಆಲ್ಟ್.ಬೈನರೀಸ್ ಹೆಸರಿನ ಗುಂಪುಗಳು. ಚಿತ್ರಗಳನ್ನೂ ಸಾಫ್ಟ್‌ವೇರನ್ನೂ ಯುಯುಎನ್‌ಕೋಡ್ ಮಾಡಿ ಅಕ್ಷರಗಳಾಗಿಸಿ ತುಂಡು ತುಂಡಾಗಿ ಹಾಕುತ್ತಿದ್ದರು. ಹಾಗೆ ಮಾಡಿದರೆ ಫೈಲ್ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಹಿಗ್ಗುತ್ತದೆ. ನಾನು ಇವನ್ನೆಲ್ಲ ಒಂದೇ ದಿನಕ್ಕೆ ಇಳಿಸಿದೆ. ಎಲ್ಲವನ್ನೂ, ಅಂದರೆ ಒಳ್ಳೆಯ ಸಾಫ್ಟ್‌ವೇರ್ ಬರುವ ಗುಂಪನ್ನೂ ಸೇರಿಸಿ. ಅದಕ್ಕೆ ಬದಲಾಗಿ ಸಣ್ಣ ಮಾತಿನ ಗುಂಪುಗಳನ್ನು ಬಹಳ ದಿನ ಉಳಿಸಿದೆ. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅಂಥ ಒಂದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಂಡು ಕಷ್ಟ ಸುಖ ಹಂಚಿಕೊಳ್ಳುವವರಿಗೆ ವಾರದ ಹಿಂದಿನ ಮಾತು ಮಾಯವಾಗಬಾರದು, ಅಲ್ವಾ? ಅದು ಹಿಡಿಯುವ ಜಾಗವಾದರೂ ಎಷ್ಟು?

ಆಗಲೇ ಮೇಲಿನವರಿಂದ ಮಾತು ಬಂತು. ಲೈಂಗಿಕ ವಿಷಯದ ಗುಂಪುಗಳನ್ನು ತೆಗೆಯಿರಿ, ಕೇಳಿದವರಿಗೆ ಡಿಸ್ಕ್ ಸಾಲದು ಅನ್ನಿ ಅಂತ. ನಾನು ಒಪ್ಪಲಿಲ್ಲ. ಲೆಕ್ಕದ ಹಾಳೆ ತೋರಿಸಿದೆ. ಆ ವಿಷಯದ ಮಾತಿನ ಗುಂಪುಗಳು ಡಿಸ್ಕಿನ ಒಂದು ಮೂಲೆಯಲ್ಲೂ ಕಾಣುತ್ತಿರಲಿಲ್ಲ. ಜಾಗದ ಹೆಸರಿನಲ್ಲಿ ವಿಷಯವನ್ನು ಕತ್ತರಿಸಿದರೆ ಯಾರೂ ಪ್ರಶ್ನೆ ಕೇಳಲಾರರು, ವಾದ ಮಾಡಲಾರರು. ನನಗೆ ತಪ್ಪು ಅನ್ನಿಸಿದ್ದು ಅದು.

ಈ ಜಗಳ ನನ್ನೊಬ್ಬನದಲ್ಲ. ಬರಹ ಸಾಗಿಸಲು ಫೋನ್ ಬಿಲ್ ಕಟ್ಟುವ ದೊಡ್ಡ ಸರ್ವರ್‌ಗಳ ಕೆಲವೇ ಜನ ಯಾವ ಗುಂಪು ಇರಬೇಕು ಅಂತ ತೀರ್ಮಾನಿಸುತ್ತಿದ್ದಾರೆ ಅನ್ನುವ ಅಸಮಾಧಾನದಿಂದಲೇ 1987ರಲ್ಲಿ ಬ್ರಯನ್ ರೀಡ್, ಜಾನ್ ಗಿಲ್ಮೋರ್ ಮುಂತಾದವರು ಆಲ್ಟ್ ಶಾಖೆ, ಅಂದರೆ ಆಲ್ಟ್ ಅಂತ ಹೆಸರು ಶುರುವಾಗುವ ಗುಂಪುಗಳನ್ನು, ಶುರು ಮಾಡಿದ್ದು. 1994ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದೇ ಲೈಂಗಿಕ ವಿಷಯದ ಗುಂಪುಗಳ ಮೇಲೆ ದೊಡ್ಡ ಗಲಾಟೆ ಆಯಿತು. 1995ರ ಡಿಸೆಂಬರ್‌ನಲ್ಲಿ ಬವೇರಿಯಾದ ಪ್ರಾಸಿಕ್ಯೂಟರ್‌ಗಳ ತನಿಖೆಗೆ ಹೆದರಿ ಕಂಪ್ಯೂಸರ್ವ್ ಅನ್ನುವ ಆನ್‌ಲೈನ್ ಸೇವೆಯ ಕಂಪನಿ 200ಕ್ಕೂ ಹೆಚ್ಚು ಗುಂಪುಗಳನ್ನು ಜಗತ್ತಿನಾದ್ಯಂತ ಮುಚ್ಚಿತು. ಜರ್ಮನಿಯ ಒಂದು ರಾಜ್ಯದ ತನಿಖೆಗೆ ಎಲ್ಲ ದೇಶಗಳ ಓದುಗರು ಬಾಯಿ ಮುಚ್ಚಬೇಕಾಯಿತು. ಎರಡು ತಿಂಗಳಲ್ಲಿ ಹೆಚ್ಚಿನವು ಮತ್ತೆ ತೆರೆದವು.

ಮಧ್ಯದಲ್ಲಿ ಸ್ಪ್ಯಾಮ್ ಬಂತು. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಹಾಕಿದರು. ಒಂದೇ ಬರಹವನ್ನು ಹಲವು ಗುಂಪುಗಳಿಗೆ ಕ್ರಾಸ್‌ಪೋಸ್ಟ್ ಮಾಡಿದ್ದರೆ ಡಿಸ್ಕಿನಲ್ಲಿ ಒಂದೇ ಪ್ರತಿ ಇರುತ್ತಿತ್ತು, ಓದುವವರಿಗೂ ಒಂದೇ ಸಲ ಕಾಣುತ್ತಿತ್ತು. ಅವರು ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಹಾಕಿದರು. ಹೋದ ಹೋದ ಗುಂಪಿನಲ್ಲೆಲ್ಲ ಅದೇ. ಇಂಥದ್ದನ್ನು ಅಳಿಸಲು ಕೆಲವರು ಕ್ಯಾನ್ಸಲ್ ಸಂದೇಶ ಕಳಿಸತೊಡಗಿದರು. ಬೇರೆಯವರ ಬರಹ ಅಳಿಸುವುದು ಸರಿಯಾ ಅಂತ ನಾನು ಬಹಳ ಯೋಚಿಸಿದೆ. ಕೊನೆಗೆ ಒಪ್ಪಿದ್ದು ಬ್ರೈಡ್‌ಬಾರ್ಟ್ ಸೂಚ್ಯಂಕ ನೋಡಿ. ಅದು ಎಷ್ಟು ಪ್ರತಿ, ಎಷ್ಟು ಗುಂಪು ಅಂತ ಮಾತ್ರ ಎಣಿಸುತ್ತದೆ, ಒಳಗೆ ಏನು ಬರೆದಿದೆ ಅಂತ ನೋಡುವುದಿಲ್ಲ. ಜೊತೆಗೆ ಆ ಕ್ಯಾನ್ಸಲ್‌ಗಳಲ್ಲಿ, ಸಂದೇಶ ಬಂದ ದಾರಿ ತೋರಿಸುವ ಪಾತ್ ಸಾಲಿನಲ್ಲಿ ಸೈಬರ್‌ಸ್ಪ್ಯಾಮ್ ಅನ್ನುವ ಗುರುತು ಇರುತ್ತಿತ್ತು. ಬೇಡ ಅನ್ನುವ ಸರ್ವರ್ ಒಂದು ಸಾಲು ಬರೆದು ಅವನ್ನು ತಳ್ಳಿಬಿಡಬಹುದಿತ್ತು. ನನಗೆ ತುಂಬಾ ಇಷ್ಟವಾದ ಏರ್ಪಾಡು ಅದು.

ಒಬ್ಬರ ಮಾತು ಇನ್ನೊಬ್ಬರಿಗೆ ಸಹಿಸಲಾಗದಿದ್ದರೆ ಕಿಲ್ ಫೈಲ್ ಇತ್ತು, ಅದರಲ್ಲಿ ಬರೆದವರ ಬರಹ ಆ ಓದುಗರಿಗೆ ಮಾತ್ರ ಕಾಣುತ್ತಿರಲಿಲ್ಲ. ಲ್ಯಾರಿ ವಾಲ್ ಬರೆದ, ಯೂಸ್‌ನೆಟ್ ಓದುವ ಪ್ರೋಗ್ರಾಮ್ ಆದ ಆರ್‌ಎನ್‌ನಲ್ಲಿ ಅದನ್ನು ಹೇಗೆ ಹಾಕಬೇಕು ಅಂತ ಹೊಸ ವಿದ್ಯಾರ್ಥಿಗಳಿಗೆ ಕೂತು ಕಲಿಸುತ್ತಿದ್ದೆ. ನಾನು ಎಲ್ಲರ ಪರವಾಗಿ ಅಳಿಸುವುದಕ್ಕಿಂತ ಅವರವರೇ ತಮಗೆ ಬೇಡದ್ದನ್ನು ಬಿಡುವುದು ಎಷ್ಟೋ ಮೇಲು.

ನಂತರ ಎಕ್ಸ್‌ಪೈರ್ ಫೈಲಿನ ನಿಯಮಗಳನ್ನು ಎಲ್ಲರೂ ಓದುವಂತೆ ನಮ್ಮ ಸ್ಥಳೀಯ ಗುಂಪಿನಲ್ಲಿ ಹಾಕಿದೆ. ಎರಡು ಭಾಗ. ಜಾಗದ ಕಾರಣಕ್ಕೆ ಕಡಿಮೆ ದಿನ ಇಡುವವು ಒಂದು ಕಡೆ, ವಿಷಯದ ಕಾರಣಕ್ಕೆ ತರಿಸದೇ ಇರುವವು ಇನ್ನೊಂದು ಕಡೆ. ಎರಡನೆಯದರಲ್ಲಿ ಯಾರು ಹೇಳಿದ್ದು, ಯಾಕೆ ಅಂತ ಬರೆಯಲೇಬೇಕು. ಮೇಲಿನವರು ಹೇಳಿದ ಪಟ್ಟಿಗೆ ಕಾರಣ ಬರೆದು ಸಹಿ ಹಾಕಿ ಕೊಡಿ, ಇದರಲ್ಲಿ ಸೇರಿಸುತ್ತೇನೆ ಅಂದೆ. ಯಾರೂ ಕೊಡಲಿಲ್ಲ. ಗುಂಪುಗಳು ಹಾಗೇ ಉಳಿದವು. ಮಕ್ಕಳ ಶೋಷಣೆಯ ಚಿತ್ರಗಳು ಬರುತ್ತಿದ್ದ ಗುಂಪುಗಳನ್ನು ಮಾತ್ರ ವಕೀಲರನ್ನು ಕೇಳಿ ನಾನೇ ನಿಲ್ಲಿಸಿದೆ, ಎರಡನೇ ಭಾಗದಲ್ಲಿ ಕಾರಣ ಬರೆದು ಕೆಳಗೆ ನನ್ನ ಹೆಸರು ಹಾಕಿದೆ.