ಹಳೆ ಸೈಕಲ್‌ನ ಕಾಟರ್ ಪಿನ್ ಬಿಚ್ಚುವುದು

ರಾಡ್ ಬ್ರೇಕಿನ ಹಳೆ ರ‍್ಯಾಲಿ, ಹರ್ಕ್ಯುಲಿಸ್, ಅಟ್ಲಾಸ್ ಕೈಗೆ ಸಿಕ್ಕರೆ ಪೇಂಟಿನ ಯೋಚನೆ ಆಮೇಲೆ. ಮೊದಲು ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್ ಬಿಚ್ಚಿ. ಹೆಚ್ಚಿನವರು ಸೋಲುವುದು ಇಲ್ಲೇ.

ಕ್ರ್ಯಾಂಕನ್ನು ಅಚ್ಚಿಗೆ ಬಿಗಿದಿಡುವ ಬೆಣೆಯಂಥ ಕಾಟರ್ ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ. ನಟ್ಟನ್ನು ಪೂರ್ತಿ ತೆಗೆಯಬೇಡಿ. ಅದರ ಮೇಲ್ಮೈ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಪಿನ್ನಿನ ಥ್ರೆಡ್ ಹಾಳಾಗದೆ ಉಳಿಯುತ್ತದೆ. ಕ್ರ್ಯಾಂಕ್ ಅಡಿಗೆ, ಪಿನ್ನಿನ ತಲೆ ಒಳಗೆ ಇಳಿಯುವಂತೆ, ನೆಲದಿಂದ ಅಷ್ಟೇ ಎತ್ತರದ ಕಬ್ಬಿಣದ ಪೈಪ್ ನಿಲ್ಲಿಸಿ. ಈಗ ಭಾರದ ಸುತ್ತಿಗೆಯಿಂದ ನೇರ ಒಂದೇ ಏಟು. ಟಕ್ ಟಕ್ ಅಂತ ಸಣ್ಣಗೆ ಕುಟ್ಟಿದರೆ ತುದಿ ಅಣಬೆಯಂತೆ ಅರಳಿ, ಪಿನ್ ಬಾಗುತ್ತದೆ. ಆಮೇಲೆ ಡ್ರಿಲ್ಲೇ ಗತಿ. ಪೈಪಿಲ್ಲದೆ ಹೊಡೆದರೆ ಪೆಟ್ಟು ಅಚ್ಚಿನ ಗುಂಡುಗಳು ಕೂರುವ ಬಟ್ಟಲಿಗೆ, ಅಂದರೆ ಬೇರಿಂಗ್ ಕಪ್ಪಿಗೆ ಬಿದ್ದು ಗುಂಡಿನ ಗುರುತು ಮೂಡುತ್ತದೆ.

ಬ್ರಿಟಿಷ್ ಮಾದರಿಯಲ್ಲಿ ಬಲಗಡೆಯ ಬೇರಿಂಗ್ ಕಪ್ ಮತ್ತು ಎಡ ಪೆಡಲ್ ಎರಡೂ ಉಲ್ಟಾ ಥ್ರೆಡ್, ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಕಪ್ಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ಬದಿಗೆ 11ರಂತೆ ಕಾಲಿಂಚಿನ ಹೊಸ ಗುಂಡು ಕೂರಿಸಿ. ಹಳೆಯದಕ್ಕೆ ಹೊಸದು ಬೆರೆಸಬೇಡಿ.

ಹೊಸ ಪಿನ್ ಕೊಳ್ಳಲು ಬೆಂಗಳೂರಿನ ಎಸ್‌ಜೆಪಿ ರಸ್ತೆ ಕಡೆ ಹೋಗುವಾಗ ಹಳೆಯದು ಜೇಬಲ್ಲಿರಲಿ: 9 ಮಿಮೀ, 9.5 ಮಿಮೀ ಕಣ್ಣಿಗೆ ಒಂದೇ. ಎಡ, ಬಲ ಎರಡೂ ಹೊಸ ಪಿನ್ನುಗಳ ಚಪ್ಪಟೆ ಮುಖವನ್ನು ಒಂದೇ ಅಳತೆಗೆ ಅರದಿಂದ ಉಜ್ಜಿ, ಇಲ್ಲದಿದ್ದರೆ ಪೆಡಲ್‌ಗಳು ಸೊಟ್ಟ ನಿಲ್ಲುತ್ತವೆ. ಸುತ್ತಿಗೆಯಿಂದ ಕೂರಿಸಿ ನಟ್ ಬಿಗಿ ಮಾಡಿ. ಲಾಲ್‌ಬಾಗ್ ಸುತ್ತ ಒಂದು ರೌಂಡ್ ತುಳಿದು ಬಂದು ಮತ್ತೊಮ್ಮೆ ಬಿಗಿ ಮಾಡಿ.